ರಬ್ಬರ್ ಬ್ಯಾಂಡ್ ಗಿಟಾರ್ ಬಿಡಿ, ಒಂದೇ ತಂತಿಯ ವಾದ್ಯ ಮಾಡಿ

ಪ್ರಶ್ನೆ: ನನಗೆ ಇಬ್ಬರು ಮಕ್ಕಳು. ಮಗಳಿಗೆ 10 ವರ್ಷ, ಮಗನಿಗೆ 6. ರಜೆಯಲ್ಲಿ ಶೂ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿ ಗಿಟಾರ್ ಮಾಡಿದೆವು. ನೋಡಲು ಚೆನ್ನಾಗಿತ್ತು, ಸದ್ದು ಮಾತ್ರ ಬರೀ ‘ಟಪ್ ಟಪ್’. ಸ್ವಲ್ಪ ಹೊತ್ತಿಗೇ ಇಬ್ಬರೂ ಅದನ್ನು ಮೂಲೆಗೆ ಹಾಕಿದರು. ನಿಜವಾಗಿ ಒಂದು ಹಾಡು ನುಡಿಸಬಹುದಾದ ತಂತಿವಾದ್ಯವನ್ನು ಮನೆಯಲ್ಲಿ ಮಾಡಲು ಸಾಧ್ಯವೇ? ಯಾವ ತಂತಿ ಹಾಕಬೇಕು? ಸ್ವರಗಳ ಜಾಗ ಗುರುತಿಸುವುದು ಹೇಗೆ? ನಮ್ಮಲ್ಲಿ ಒಂದು ಗರಗಸ, ಸ್ಕ್ರೂಡ್ರೈವರ್, ಸಣ್ಣ ಡ್ರಿಲ್ ಇದೆ. ಮನೆಯಲ್ಲಿ ಯಾರಿಗೂ ಸಂಗೀತ ಬರುವುದಿಲ್ಲ.

ಉತ್ತರ: ಖಂಡಿತ ಸಾಧ್ಯ. ನಿಮ್ಮ ಹತ್ತಿರ ಇರುವ ಉಪಕರಣಗಳೇ ಸಾಕು. ಆದರೆ ತಂತಿ ಒಂದೇ ಇರಲಿ. ಮಕ್ಕಳ ವಾದ್ಯ ಅಂದ ಕೂಡಲೇ ನಾಲ್ಕೈದು ತಂತಿ ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ. ಐದು ತಂತಿ ಇದ್ದರೆ ಐದನ್ನೂ ಶ್ರುತಿ ಮಾಡಬೇಕು. ಒಂದನ್ನು ಬಿಗಿ ಮಾಡಿದಾಗ ಡಬ್ಬಿ ಸ್ವಲ್ಪ ಬಾಗುತ್ತದೆ, ಉಳಿದ ನಾಲ್ಕೂ ಸಡಿಲ ಆಗುತ್ತವೆ. ಮಕ್ಕಳ ತಾಳ್ಮೆ ಅಲ್ಲೇ ಮುಗಿಯುತ್ತದೆ. ಒಂದೇ ತಂತಿಯಲ್ಲಿ ಏಳು ಸ್ವರವೂ ಸಿಗುತ್ತದೆ, ಹಾಡೂ ಬರುತ್ತದೆ.

ಮೊದಲು ನಿಮ್ಮ ಶೂ ಡಬ್ಬಿಗೆ ಏನಾಯಿತು ಅಂತ ನೋಡೋಣ. ಆ ಸೋಲನ್ನು ಮಕ್ಕಳ ಜೊತೆ ಕೂತು ಪರೀಕ್ಷೆ ಮಾಡುವುದೇ ಒಂದು ಒಳ್ಳೆಯ ಆಟ. ಒಂದು ರಬ್ಬರ್ ಬ್ಯಾಂಡನ್ನು ಎರಡು ಬೆರಳ ನಡುವೆ ಹಿಡಿದು ಮೀಟಲು ಹೇಳಿ. ಇನ್ನೂ ಎಳೆದು ಮತ್ತೆ ಮೀಟಲಿ. ಎಳೆದಷ್ಟೂ ಸ್ವರ ಮೇಲೇರುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಆದರೆ ಒಂದು ಹಂತ ದಾಟಿದ ಮೇಲೆ ಸ್ವರ ಅಲ್ಲೇ ನಿಂತ ಹಾಗೆ ಇರುತ್ತದೆ. ಬಿಗಿ ಹೆಚ್ಚಾದರೆ ಸ್ವರ ಏರಬೇಕು, ಉದ್ದ ಹೆಚ್ಚಾದರೆ ಇಳಿಯಬೇಕು. ರಬ್ಬರಿನಲ್ಲಿ ಇವೆರಡೂ ಒಟ್ಟಿಗೆ ಆಗುವುದರಿಂದ ಒಂದರ ಪರಿಣಾಮವನ್ನು ಇನ್ನೊಂದು ಅಳಿಸಿಬಿಡುತ್ತದೆ. ಜೊತೆಗೆ ರಬ್ಬರ್ ತನ್ನ ಕಂಪನವನ್ನು ತಾನೇ ನುಂಗಿಕೊಳ್ಳುವ ವಸ್ತು. ಮೀಟಿದ ಶಕ್ತಿಯಲ್ಲಿ ಬಹುಪಾಲು ಅದರೊಳಗೇ ಶಾಖವಾಗಿ ಹೋಗುತ್ತದೆ. ಅದಕ್ಕೇ ‘ಟಪ್’ ಅಂತ ಸತ್ತು ಹೋಗುವ ಸದ್ದು.

ಆದರೆ ತಪ್ಪೆಲ್ಲ ರಬ್ಬರಿನದಲ್ಲ. ತಂತಿ ತುಂಬ ತೆಳ್ಳಗಿರುತ್ತದೆ. ಅದು ಎಷ್ಟೇ ಜೋರಾಗಿ ಅಲುಗಿದರೂ ಗಾಳಿ ಅದರ ಅಕ್ಕಪಕ್ಕದಿಂದ ಜಾರಿ ಹೋಗುತ್ತದೆ. ಸದ್ದು ದೊಡ್ಡದಾಗಬೇಕಾದರೆ ಆ ಅಲುಗಾಟ ಒಂದು ಅಗಲವಾದ, ತೆಳುವಾದ ಹಲಗೆಗೆ ದಾಟಬೇಕು. ಗಾಳಿಯನ್ನು ತಳ್ಳುವುದು ಆ ಹಲಗೆ. ತಂತಿಯಿಂದ ಹಲಗೆಗೆ ಕಂಪನ ದಾಟಿಸುವ ತುಂಡನ್ನೇ ನಮ್ಮ ವೀಣೆಯವರು ಕುದುರೆ ಅನ್ನುವುದು. ನೀವು ಮಾಡಿದ ಗಿಟಾರಿನಲ್ಲಿ ಮುಚ್ಚಳ ತೆಗೆದ ಡಬ್ಬಿಯ ಅಂಚುಗಳ ಮೇಲೆ ಬ್ಯಾಂಡ್ ಕೂತಿತ್ತು, ಅಲ್ವಾ? ಅಂದರೆ ಹಲಗೆಯೂ ಇಲ್ಲ, ಕುದುರೆಯೂ ಇಲ್ಲ. ಅಂಚು ಡಬ್ಬಿಯ ಅತ್ಯಂತ ಗಟ್ಟಿ ಜಾಗ, ಅದು ಅಲುಗುವುದೇ ಇಲ್ಲ.

ಹಳೆಯ ಡಬ್ಬಿ ಇನ್ನೂ ಇದ್ದರೆ ಅದನ್ನು ಬೋರಲು ಹಾಕಿ, ತಳದ ಮೇಲೆ ಬ್ಯಾಂಡ್ ಬರುವ ಹಾಗೆ ಮಾಡಿ. ಬ್ಯಾಂಡಿನ ಕೆಳಗೆ, ತಳದ ನಡುಭಾಗದ ಹತ್ತಿರ, ಒಂದು ಪೆನ್ಸಿಲ್ ಅಡ್ಡ ಇಟ್ಟು ಮೀಟಿ. ಅದೇ ಡಬ್ಬಿ, ಅದೇ ರಬ್ಬರ್, ಆದರೂ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ ಮಕ್ಕಳಿಗೆ ಇಡೀ ಕೆಲಸದಲ್ಲಿ ತೋರಿಸಲೇಬೇಕಾದದ್ದು ಇದೊಂದೇ. ಡಬ್ಬಿಗೆ ದುಂಡಗೆ ತೂತು ಕೊರೆಯಬೇಕೇ, ಎಷ್ಟು ದೊಡ್ಡದು ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ತೂತು ಆಮೇಲಿನ ಮಾತು. ಕುದುರೆ ಸರಿ ಇಲ್ಲದಿದ್ದರೆ ಯಾವ ತೂತೂ ಕಾಪಾಡುವುದಿಲ್ಲ.

ಈಗ ಮಗಳ ವಾದ್ಯ. ಸುಮಾರು 90 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪದ ಒಂದು ಮರದ ಪಟ್ಟಿ ಬೇಕು. ನೇರವಾಗಿರಲಿ, ಗಂಟು ಇಲ್ಲದಿರಲಿ. ಜೊತೆಗೆ ಒಂದು ಸಣ್ಣ ಪೆಟ್ಟಿಗೆ. 20 ಸೆಂ.ಮೀ. ಉದ್ದ, 15 ಅಗಲ, 6 ಆಳ ಇದ್ದರೆ ಚೆನ್ನ, ಆಚೀಚೆ ಆದರೂ ನಡೆಯುತ್ತದೆ. ಪೆಟ್ಟಿಗೆಯ ಬದಿಗಳು ಯಾವುದರಲ್ಲಿ ಆಗಿವೆ ಅನ್ನುವುದು ಅಷ್ಟು ಮುಖ್ಯವಲ್ಲ. ಮೇಲಿನ ಮುಚ್ಚಳ ಮಾತ್ರ 3 ಮಿ.ಮೀ. ದಪ್ಪದ ಪ್ಲೈವುಡ್ ಆಗಿರಲಿ. ಯಾವುದೇ ಹಲಗೆಯನ್ನು ಆರಿಸುವ ಮುಂಚೆ ಅದನ್ನು ಒಂದು ಮೂಲೆಯಲ್ಲಿ ಸಡಿಲವಾಗಿ ಹಿಡಿದು ಬೆರಳ ಗೆಣ್ಣಿನಿಂದ ಬಡಿಯಿರಿ. ‘ಡಂ’ ಅಂತ ಸ್ವಲ್ಪ ಹೊತ್ತು ಉಳಿದರೆ ಇಟ್ಟುಕೊಳ್ಳಿ. ‘ಟಕ್’ ಅಂತ ಮುಗಿದರೆ ಬದಿಗಿಡಿ. ಈ ಪರೀಕ್ಷೆಯನ್ನು ಮಕ್ಕಳಿಗೇ ಬಿಟ್ಟುಬಿಡಿ. ಮನೆಯಲ್ಲಿರುವ ಸಾಮಾನನ್ನೆಲ್ಲ ಬಡಿದು ನೋಡುತ್ತಾರೆ, ಅದಕ್ಕೆ ತಯಾರಾಗಿರಿ.

ಪೆಟ್ಟಿಗೆಯ ಎರಡು ಚಿಕ್ಕ ಬದಿಗಳಲ್ಲಿ, ಮೇಲಿನ ಅಂಚಿಗೆ, ಪಟ್ಟಿ ಸರಿಯಾಗಿ ಕೂರುವಷ್ಟು ಅಗಲ ಮತ್ತು ಆಳದ ಕಚ್ಚು ಕತ್ತರಿಸಿ. ಪಟ್ಟಿ ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆ 3 ಸೆಂ.ಮೀ. ಹೊರಗೆ ಬರಬೇಕು. ಹೀಗೆ ಮಾಡಿದರೆ ತಂತಿಯ ಎಳೆತವನ್ನೆಲ್ಲ ಪಟ್ಟಿ ಹೊರುತ್ತದೆ, ಪೆಟ್ಟಿಗೆ ಸುಮ್ನೆ ಸದ್ದು ಮಾಡಿಕೊಂಡು ಇರಬಹುದು. ಪೆಟ್ಟಿಗೆಯ ಅಂಚಿಗೇ ಪಟ್ಟಿಯನ್ನು ಮೊಳೆ ಹೊಡೆದು ನಿಲ್ಲಿಸಿದರೆ ಕೆಲವೇ ದಿನದಲ್ಲಿ ಅದು ಮುಂದಕ್ಕೆ ಬಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಪಟ್ಟಿಯ ಮೇಲೆ ಮುಚ್ಚಳ ಕೂತಾಗ ಮಧ್ಯದಲ್ಲಿ ಎರಡೂ ಒಂದಕ್ಕೊಂದು ತಾಗಬಾರದು. ತಾಗಿದರೆ ಮುಚ್ಚಳ ಅಲುಗಲು ಆಗುವುದಿಲ್ಲ, ಸದ್ದು ಉಸಿರು ಕಟ್ಟಿದ ಹಾಗೆ ಬರುತ್ತದೆ. ಪೆಟ್ಟಿಗೆಯ ಒಳಗೆ ಬರುವಷ್ಟು ಉದ್ದಕ್ಕೆ ಪಟ್ಟಿಯ ಮೇಲ್ಭಾಗವನ್ನು 3 ಮಿ.ಮೀ. ಆದರೂ ಉಜ್ಜಿ ಅಥವಾ ಕೆತ್ತಿ ತೆಗೆಯಿರಿ. ತಾಳ್ಮೆ ಬೇಡುವ ಕೆಲಸ ಇದು, ನಿಜ. ಆದರೆ ಮನೆಯಲ್ಲಿ ಮಾಡಿದ ವಾದ್ಯ ಮಂಕಾಗಿ ಕೇಳಿಸಿದರೆ ನಾನು ಮೊದಲು ಕೈ ಹಾಕಿ ನೋಡುವ ಜಾಗ ಇದೇ. ಆಮೇಲೆ ಮುಚ್ಚಳವನ್ನು ಸುತ್ತಲೂ ಅಂಟಿಸಿ. ತೂತು ಬೇಕೇ ಬೇಕು ಅಂದರೆ ಮುಚ್ಚಳದ ಮೂಲೆಯ ಕಡೆ ಎರಡು ಸೆಂ.ಮೀ. ಅಗಲದ್ದು ಒಂದೆರಡು ಸಾಕು. ಬಣ್ಣ ಹಚ್ಚುವ ಆಸೆ ಇದ್ದರೆ ಬದಿಗಳಿಗೆ ಮತ್ತು ಪಟ್ಟಿಗೆ ಎಷ್ಟು ಬೇಕಾದರೂ ಹಚ್ಚಲಿ. ಮುಚ್ಚಳಕ್ಕೆ ದಪ್ಪ ಬಣ್ಣ ಬೇಡ, ಅದು ಭಾರವಾಗುತ್ತದೆ.

ತಂತಿಗೆ ಬರೋಣ. ಮೀನು ಹಿಡಿಯುವ ಗಾಳಕ್ಕೆ ಹಾಕುವ ನೈಲಾನ್ ದಾರ, 0.7 ಮಿ.ಮೀ. ದಪ್ಪದ್ದು, ಒಂಟಿ ಎಳೆಯದು. ಹೆಣೆದ ದಾರ ಬೇಡ, ಅದು ಬೆರಳನ್ನು ಕೊಯ್ಯುತ್ತದೆ. ಇದೇನೋ ಬಡವರ ಉಪಾಯ ಅಂದುಕೊಳ್ಳಬೇಡಿ. ಗಿಟಾರಿಗೆ ಮೊದಲು ಕುರಿಯ ಕರುಳಿನಿಂದ ಮಾಡಿದ ತಂತಿ ಹಾಕುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದು ಸಿಗುವುದು ಕಷ್ಟವಾಯಿತು. ಆಗ ನ್ಯೂಯಾರ್ಕಿನ ವಾದ್ಯ ತಯಾರಕ ಆಲ್ಬರ್ಟ್ ಆಗಸ್ಟಿನ್ ನೈಲಾನ್ ಎಳೆಯನ್ನು ಗಿಟಾರಿಗೆ ಒಗ್ಗಿಸಿದರು. ದೊಡ್ಡ ಕಲಾವಿದ ಆಂದ್ರೆಸ್ ಸೆಗೋವಿಯಾ ಅದನ್ನೇ ಬಳಸಿದರು. ಇವತ್ತಿಗೂ ಕ್ಲಾಸಿಕಲ್ ಗಿಟಾರಿನ ಅತ್ಯಂತ ತೆಳುವಾದ ತಂತಿ ಹೆಚ್ಚುಕಡಿಮೆ 0.7 ಮಿ.ಮೀ. ನೈಲಾನೇ.

ಸ್ಟೀಲ್ ತಂತಿಯ ಸದ್ದು ಜಾಸ್ತಿ, ಒಪ್ಪುತ್ತೇನೆ. ಆದರೆ ಅದು ತುಂಡಾದರೆ ಚಾವಟಿಯ ಹಾಗೆ ಹಾರುತ್ತದೆ. ತುದಿ ಕಣ್ಣಿಗೆ ಅಪಾಯ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ನಾನು ಅದನ್ನು ಹಾಕುವುದಿಲ್ಲ. ನೈಲಾನನ್ನು ಬಿಗಿ ಮಾಡುವಾಗಲೂ ಮುಖವನ್ನು ತಂತಿಯ ಮೇಲೆ ಬಗ್ಗಿಸಿ ನೋಡಬಾರದು, ಈ ನಿಯಮ ದೊಡ್ಡವರಿಗೂ ಇರಲಿ. ಡ್ರಿಲ್ ನೀವೇ ಹಿಡಿಯಿರಿ. ಗರಗಸ ಮಗಳು ಹಿಡಿಯಬಹುದು, ಮರವನ್ನು ಮೇಜಿಗೆ ಕ್ಲಾಂಪ್ ಹಾಕಿ ಬಿಗಿದಿದ್ದರೆ ಮಾತ್ರ.

ಬಾಲದ ತುದಿಯಲ್ಲಿ, ಅಂದರೆ ಪೆಟ್ಟಿಗೆಯಿಂದ ಹೊರಗೆ ಬಂದ 3 ಸೆಂ.ಮೀ. ಭಾಗದಲ್ಲಿ, ಒಂದು ಸ್ಕ್ರೂ ಹಾಕಿ ತಂತಿ ಕಟ್ಟಿ. ನೈಲಾನ್ ಜಾರುವ ಜಾತಿ. ಒಂದು ಗಂಟು ಸಾಲದು, ನಾಲ್ಕೈದು ಸುತ್ತು ಸುತ್ತಿ ಗಂಟು ಹಾಕಿ. ತಲೆಯ ಕಡೆ, ತಂತಿಯನ್ನು ತಿರುಗಿಸಿ ಬಿಗಿ ಮಾಡಲು, ಬಿರಡೆ ಬೇಕು. ಮರದ ಬಿರಡೆಯನ್ನು ಕೊನೆಗೆ ಸಣ್ಣದಾಗುವಂತೆ ಕೆತ್ತಿ ಕೂರಿಸುವುದು ಒಳ್ಳೆಯ ವಿದ್ಯೆ, ಆದರೆ ಮೊದಲ ವಾದ್ಯಕ್ಕೆ ಬೇಡ. ತಲೆ ಉಂಗುರದ ಹಾಗಿರುವ ಸ್ಕ್ರೂ ಸಿಗುತ್ತದಲ್ಲ, ಅದು ಸಾಕು. ಅದಕ್ಕಿಂತ ಸ್ವಲ್ಪ ತೆಳ್ಳಗಿನ ತೂತು ಮೊದಲೇ ಕೊರೆದಿಡಿ, ಇಲ್ಲದಿದ್ದರೆ ಮರ ಸೀಳುತ್ತದೆ. ಉಂಗುರದೊಳಗೆ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಿದರೆ ಮಗುವಿನ ಕೈಗೂ ತಂತಿ ಬಿಗಿ ಆಗುತ್ತದೆ. ಯಾರೋ ಬಿಸಾಡಿದ ಗಿಟಾರಿನ ಕೀಲಿ ಸಿಕ್ಕರೆ ಇನ್ನೂ ಚೆನ್ನ.

ಕುದುರೆಗೆ 1 ಸೆಂ.ಮೀ. ಎತ್ತರದ ಗಟ್ಟಿ ಮರದ ತುಂಡು. ಅದರ ಮೇಲಂಚು ಚೂಪಾಗಿರಲಿ, ತಂತಿ ಒಂದು ಗೆರೆಯ ಮೇಲೆ ಮಾತ್ರ ಕೂರಬೇಕು. ಅದನ್ನು ಅಂಟಿಸಬೇಡಿ. ತಂತಿಯೇ ಅದನ್ನು ಒತ್ತಿ ಹಿಡಿಯುತ್ತದೆ, ಬೇಕಾದಾಗ ಸರಿಸಬಹುದು. ಮುಚ್ಚಳದ ಮಧ್ಯದಿಂದ ಸ್ವಲ್ಪ ಬಾಲದ ಕಡೆಗೆ ಇಟ್ಟು ಶುರು ಮಾಡಿ. ತಂತಿ ಕುದುರೆ ದಾಟಿದ ಮೇಲೆ ಸ್ಪಷ್ಟವಾಗಿ ಕೆಳಗೆ ಬಾಗಿ ಬಾಲಕ್ಕೆ ಹೋಗಬೇಕು. ನೇರವಾಗಿ ಹೋದರೆ ಕುದುರೆಯ ಮೇಲೆ ಒತ್ತಡ ಬೀಳುವುದಿಲ್ಲ, ಕಂಪನ ದಾಟುವುದೂ ಇಲ್ಲ. ತಲೆಯ ಕಡೆಯೂ ಬಿರಡೆಗೆ ಸ್ವಲ್ಪ ಮುಂಚೆ ಇನ್ನೊಂದು ಸಣ್ಣ ಮೆಟ್ಟು ಇಡಿ. ಒಂದು ದಪ್ಪ ಬೋಲ್ಟ್ ಆದರೂ ಸಾಕು. ಈ ಮೆಟ್ಟಿನಿಂದ ಕುದುರೆಗೆ ಸರಿಯಾಗಿ 60 ಸೆಂ.ಮೀ. ಇರಲಿ.

60 ಯಾಕೆ? ಲೆಕ್ಕ ಸುಲಭ ಆಗುತ್ತದೆ ಅಂತ. ತಂತಿಯ ಉದ್ದವನ್ನು ಅರ್ಧ ಮಾಡಿದರೆ ಕಂಪನದ ವೇಗ ಎರಡರಷ್ಟಾಗುತ್ತದೆ, ಮೇಲಿನ ಸಾ ಸಿಗುತ್ತದೆ. ಮೂರರಲ್ಲಿ ಎರಡು ಭಾಗ ಉಳಿಸಿದರೆ ಪ. ನಾಲ್ಕರಲ್ಲಿ ಮೂರು ಉಳಿಸಿದರೆ ಮ. 60 ಈ ಎಲ್ಲ ಭಾಗಗಳಿಗೂ ನೆಟ್ಟಗೆ ಒಡೆಯುವ ಸಂಖ್ಯೆ. ತಲೆಯ ಮೆಟ್ಟಿನಿಂದ ಅಳೆದು ಪಟ್ಟಿಯ ಮೇಲೆ ಹೀಗೆ ಗೆರೆ ಎಳೆಯಿರಿ: ರಿ 6.7 ಸೆಂ.ಮೀ., ಗ 12, ಮ 15, ಪ 20, ದ 24, ನಿ 28, ಮೇಲಿನ ಸಾ 30. ಏನೂ ಒತ್ತದೆ ಮೀಟಿದರೆ ಕೆಳಗಿನ ಸಾ. ಪಿಯಾನೋದ ಬಿಳಿ ಮನೆಗಳನ್ನು ಸಿ-ಯಿಂದ ಸಿ-ವರೆಗೆ ಒತ್ತಿದರೆ ಬರುವ ಸ್ವರಗಳಿಗೆ ಇವು ತುಂಬ ಹತ್ತಿರ. ಗೆರೆಗಳ ನಡುವಿನ ಜಾಗ ಒಂದೇ ಸಮ ಇಲ್ಲ ಅನ್ನುವುದನ್ನು ಮಗಳು ಗಮನಿಸುತ್ತಾಳೆ. ಗ ಮತ್ತು ಮ ನಡುವೆ 3 ಸೆಂ.ಮೀ. ಮಾತ್ರ, ಮ ಮತ್ತು ಪ ನಡುವೆ 5. ಯಾಕೆ ಹೀಗೆ ಅಂತ ತಕ್ಷಣ ವಿವರಿಸಲು ಹೋಗಬೇಡಿ. ನುಡಿಸಿ, ಕೇಳಿ, ಅವಳೇ ಕೇಳುವವರೆಗೆ ಕಾಯಿರಿ.

ನಿಮ್ಮ ಪೆಟ್ಟಿಗೆ ಉದ್ದವಾಗಿದ್ದು ಮೇಲಿನ ಕೆಲವು ಗೆರೆಗಳು ಮುಚ್ಚಳದ ಹತ್ತಿರ ಬಂದರೂ ಪರವಾಗಿಲ್ಲ. ನುಡಿಸುವುದು ಬೆರಳಿನಿಂದ ಅಲ್ಲ. ಒಂದು ಸಣ್ಣ ಗಾಜಿನ ಸೀಸೆ ಅಥವಾ ಚಮಚದ ಬೆನ್ನನ್ನು ಗೆರೆಯ ನೇರಕ್ಕೆ ತಂತಿಗೆ ತಾಗಿಸಿ. ಒತ್ತಬಾರದು, ತಾಗಿದರೆ ಸಾಕು. ಇನ್ನೊಂದು ಕೈಯಿಂದ ಮೀಟಿ. ಬೆರಳಲ್ಲಿ ತಂತಿಯನ್ನು ಪಟ್ಟಿಯವರೆಗೆ ಒತ್ತಿದರೆ ಅದು ಎಳೆದುಕೊಂಡು ಸ್ವರ ಸ್ವಲ್ಪ ಮೇಲೆ ಹೋಗುತ್ತದೆ, ನಮ್ಮ ಗೆರೆಗಳೆಲ್ಲ ಸುಳ್ಳಾಗುತ್ತವೆ. ಸೀಸೆಯಲ್ಲಿ ಆ ತೊಂದರೆ ಇಲ್ಲ, ಬೆರಳೂ ನೋಯುವುದಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರ ಮಕ್ಕಳು ಮನೆಯ ಗೋಡೆಗೇ ಒಂದು ತಂತಿ ಬಿಗಿದು, ಕೆಳಗೆ ಸೀಸೆ ತುರುಕಿ, ಹೀಗೆಯೇ ಜಾರಿಸಿ ನುಡಿಸುತ್ತಿದ್ದರು. ಡಿಡ್ಲಿ ಬೋ ಅನ್ನುತ್ತಾರೆ ಅದನ್ನು. ಬ್ಲೂಸ್ ಸಂಗೀತದ ಎಷ್ಟೋ ಗಿಟಾರ್ ವಾದಕರ ಮೊದಲ ವಾದ್ಯ ಅದು.

ಸಂಗೀತ ಬರುವುದಿಲ್ಲ ಅಂತ ಬರೆದಿದ್ದೀರಿ. ಅದರಿಂದ ತೊಂದರೆ ಇಲ್ಲ. ಮಗಳು ಆರಾಮಾಗಿ ‘ಆ’ ಅಂತ ಎಳೆಯುವ ಸ್ವರ ಯಾವುದೋ ಅದನ್ನೇ ಸಾ ಅಂದುಕೊಂಡು ತಂತಿಯನ್ನು ಅಲ್ಲಿಗೆ ಬಿಗಿ ಮಾಡಿ. ನಿಖರ ಬೇಕಾದರೆ ಫೋನಿನಲ್ಲಿ ಟ್ಯೂನರ್ ಆ್ಯಪ್ ಹಾಕಿಕೊಂಡು ಸಿ-4 ಗೆ, ಅಂದರೆ ಪಿಯಾನೋದ ನಡುವಿನ ಸಿ-ಗೆ, ತನ್ನಿ. ಅದು ಸೆಕೆಂಡಿಗೆ ಸುಮಾರು 262 ಕಂಪನ. 60 ಸೆಂ.ಮೀ. ಉದ್ದದ 0.7 ಮಿ.ಮೀ. ನೈಲಾನ್ ಆ ಸ್ವರಕ್ಕೆ ಬರಲು ಸುಮಾರು ನಾಲ್ಕೂವರೆ ಕೆ.ಜಿ. ಎಳೆತ ಬೇಕು. ಒಂದು ಮರದ ಪಟ್ಟಿಗೆ ಅದು ಏನೂ ಅಲ್ಲ, ಸರಿಯಾಗಿ ಹಾಕಿದ ಸ್ಕ್ರೂ ಸುಲಭವಾಗಿ ತಡೆಯುತ್ತದೆ. ಮೊದಲ ಒಂದೆರಡು ದಿನ ತಂತಿ ಮತ್ತೆ ಮತ್ತೆ ಇಳಿಯುತ್ತದೆ. ಹೊಸ ನೈಲಾನ್ ಹಿಗ್ಗುವುದೇ ಹಾಗೆ. ನಿಮ್ಮ ಗಂಟು ಕೆಟ್ಟಿದೆ ಅಂದುಕೊಂಡು ಬಿಚ್ಚಲು ಹೋಗಬೇಡಿ, ಬಿಗಿ ಮಾಡುತ್ತಾ ಇರಿ.

ಈ ಎಳೆತದ ವಿಷಯ ಬಂದಿದ್ದರಿಂದ ಒಂದು ಪ್ರಯೋಗ ಹೇಳುತ್ತೇನೆ. ಕಮ್ಮಾರನ ಎರಡು ಸುತ್ತಿಗೆಗಳಲ್ಲಿ ಒಂದರ ತೂಕ ಇನ್ನೊಂದರ ಎರಡರಷ್ಟಿದ್ದರೆ ಅವುಗಳ ಸದ್ದಿನ ನಡುವೆ ಸಾ ಮತ್ತು ಮೇಲಿನ ಸಾ ಅಂತರ ಬರುತ್ತದೆ, ತಂತಿಗೆ ತೂಗುಹಾಕಿದ ಭಾರಕ್ಕೂ ಅದೇ ಲೆಕ್ಕ ಅಂತ ಪೈಥಾಗೊರಸನ ಹೆಸರಲ್ಲಿ ಒಂದು ಕಥೆ ನೂರಾರು ವರ್ಷ ಓಡಾಡಿತು. 16ನೇ ಶತಮಾನದಲ್ಲಿ ಲ್ಯೂಟ್ ಅನ್ನುವ ಯುರೋಪಿನ ಹಳೆಯ ತಂತಿವಾದ್ಯ ನುಡಿಸುತ್ತಿದ್ದ ವಿನ್ಸೆಂಜೊ ಗೆಲಿಲಿ, ವಿಜ್ಞಾನಿ ಗೆಲಿಲಿಯೋನ ಅಪ್ಪ, ನಿಜವಾಗಿ ಭಾರ ತೂಗುಹಾಕಿ ನೋಡಿದ. ಎರಡರಷ್ಟು ಸಾಲದು, ನಾಲ್ಕರಷ್ಟು ಬೇಕು ಅಂತ ಗೊತ್ತಾಯಿತು. ಮುಂದೆ ಫ್ರಾನ್ಸಿನ ವಿದ್ವಾಂಸ ಮರಿನ್ ಮರ್ಸೆನ್ 1636ರಲ್ಲಿ ಉದ್ದ, ಎಳೆತ, ದಪ್ಪ ಮೂರರ ನಿಯಮವನ್ನೂ ಬರೆದಿಟ್ಟ. ನೀವೂ ಮಾಡಬಹುದು. ನೈಲಾನಿನ ಒಂದು ತುದಿಯನ್ನು ಮೇಜಿಗೆ ಕಟ್ಟಿ, ಮೇಜಿನ ಮೇಲೆ ಒಂದು ಮೆಟ್ಟು ಇಟ್ಟು, ಇನ್ನೊಂದು ತುದಿಯನ್ನು ಅಂಚಿನಲ್ಲಿಟ್ಟ ನುಣುಪಾದ ಪೆನ್ ಮೇಲಿಂದ ಇಳಿಬಿಡಿ. ತುದಿಗೆ ಒಂದು ದೊಡ್ಡ ಬಾಟಲಿ. ಅದರಲ್ಲಿ ಅರ್ಧ ಲೀಟರ್ ನೀರು ಹಾಕಿ ಮೀಟಿ, ಸ್ವರ ನೆನಪಿಟ್ಟುಕೊಳ್ಳಿ. ನೀರನ್ನು 1 ಲೀಟರ್ ಮಾಡಿ, ಮೇಲಿನ ಸಾ ಬಂತಾ? ಇಲ್ಲ. 2 ಲೀಟರ್ ಆದಾಗ ಹತ್ತಿರ ಹತ್ತಿರ ಬರುತ್ತದೆ. ಪೆನ್ನಿನ ಮೇಲೆ ತಂತಿ ಉಜ್ಜುವುದರಿಂದ ಪೂರ್ತಿ ಕರಾರುವಾಕ್ಕಾಗಿ ಬರದೇ ಇರಬಹುದು. ಕೆಳಗೆ ಒಂದು ಬಟ್ಟೆ ಹಾಸಿರಿ, ಬಾಟಲಿ ಬಿದ್ದರೆ ನೆಲ ಒದ್ದೆ.

ಮಗನಿಗೆ ಈ ವಾದ್ಯ ಬೇಡ. 6 ವರ್ಷದ ಮಗು ಗೆರೆ ನೋಡಿ ನುಡಿಸುವುದಿಲ್ಲ, ಅದಕ್ಕೆ ಮೈಯೆಲ್ಲ ಅಲುಗಿಸುವ ವಾದ್ಯ ಬೇಕು. ಒಂದು ಗಟ್ಟಿ ಬಕೆಟನ್ನು ಬೋರಲು ಹಾಕಿ. ತಳದ ನಡುವೆ ತೂತು ಕೊರೆದು 3 ಮಿ.ಮೀ. ದಪ್ಪದ ನೈಲಾನ್ ಹುರಿ ತೂರಿಸಿ, ಒಳಗಡೆ ದೊಡ್ಡ ವಾಷರ್ ಹಾಕಿ ಗಂಟು ಹಾಕಿ. ಹುರಿಯ ಇನ್ನೊಂದು ತುದಿಯನ್ನು ಮಗುವಿನ ಎತ್ತರದ ಒಂದು ಕೋಲಿನ ತುದಿಗೆ ಕಟ್ಟಿ. ಕೋಲಿನ ಬುಡಕ್ಕೆ ಕಚ್ಚು ಹಾಕಿ ಬಕೆಟಿನ ಅಂಚಿನ ಮೇಲೆ ನಿಲ್ಲಿಸಿ. ಬಕೆಟಿನ ಒಂದು ಬದಿಯ ಕೆಳಗೆ ಮರದ ತುಂಡು ಇಟ್ಟು ಎತ್ತಿ, ಸದ್ದು ಹೊರಗೆ ಬರಲಿ. ಕೋಲನ್ನು ಹಿಂದಕ್ಕೆ ವಾಲಿಸಿದರೆ ಹುರಿ ಬಿಗಿಯಾಗಿ ಸ್ವರ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ‘ಡೂಂ ಡೂಂ’ ಅನ್ನುವ ಮಂದ್ರದ ಸದ್ದು. ಇಲ್ಲಿ ಬಕೆಟಿನ ತಳವನ್ನು ಹುರಿಯೇ ನೇರವಾಗಿ ಎಳೆಯುವುದರಿಂದ ಕುದುರೆಯೇ ಬೇಡ. 1950ರ ದಶಕದಲ್ಲಿ ಬ್ರಿಟನ್ನಿನ ಹುಡುಗರು ಚಹಾ ತುಂಬಿ ಬರುತ್ತಿದ್ದ ಪೆಟ್ಟಿಗೆಗೆ ಹೀಗೆ ಹುರಿ ಕಟ್ಟಿ ಬ್ಯಾಂಡ್‌ಗಳಲ್ಲಿ ನುಡಿಸುತ್ತಿದ್ದರು. ಜಾನ್ ಲೆನನ್ ಬೀಟಲ್ಸ್‌ಗೆ ಮುಂಚೆ ಕಟ್ಟಿದ ಕ್ವಾರಿಮೆನ್ ತಂಡದಲ್ಲೂ ಅದೇ ಇತ್ತು.

ಕಮಾನು ಹಾಕಿ ಪಿಟೀಲಿನ ಹಾಗೆ ಉಜ್ಜಬಹುದೇ ಅಂತ ಮಗಳು ಕೇಳಿಯೇ ಕೇಳುತ್ತಾಳೆ. ಕಮಾನಿಗೆ ರಾಳ ಬೇಕು, ಕೈ ಪಳಗಬೇಕು. ಅಲ್ಲಿಯವರೆಗೆ ಬರೀ ಕಿರುಚಾಟ. ಮುಂದಕ್ಕೆ ಹಾಕಿ.

ಅದರ ಬದಲು ತಂಬೂರಿಯ ಒಂದು ಗುಟ್ಟನ್ನು ತೋರಿಸಿ. ಚೂಪು ಕುದುರೆ ತೆಗೆದು, ಎರಡು ಮೂರು ಸೆಂ.ಮೀ. ಅಗಲದ, ಮೇಲ್ಭಾಗ ತುಸು ಉಬ್ಬಾಗಿರುವ ನುಣುಪು ತುಂಡು ಇಡಿ. ತಂತಿಗೂ ತುಂಡಿಗೂ ನಡುವೆ ಒಂದು ಹತ್ತಿ ನೂಲಿನ ಎಳೆ ತೂರಿಸಿ ನಿಧಾನವಾಗಿ ಹಿಂದೆ ಮುಂದೆ ಸರಿಸುತ್ತಾ ಮೀಟಿ. ಒಂದು ಜಾಗದಲ್ಲಿ ಇದ್ದಕ್ಕಿದ್ದ ಹಾಗೆ ತಂತಿ ‘ಝೇಂ’ ಅನ್ನಲು ಶುರು ಮಾಡುತ್ತದೆ. ಅಲುಗುವಾಗ ತಂತಿ ಆ ಉಬ್ಬಿಗೆ ಮತ್ತೆ ಮತ್ತೆ ಸವರಿಕೊಂಡು ಹೋಗುವುದರಿಂದ ಸಾಮಾನ್ಯ ತಂತಿಯಲ್ಲಿ ಕೇಳಿಸದ ಮೇಲಿನ ಸ್ವರಗಳೂ ಎದ್ದು ಬರುತ್ತವೆ. ಸಿ.ವಿ. ರಾಮನ್ 1921ರಲ್ಲಿ ತಂಬೂರಿ, ವೀಣೆಗಳ ಈ ಕುದುರೆಯ ಬಗ್ಗೆ ಪ್ರಬಂಧ ಬರೆದಿದ್ದಾರೆ. ನೈಲಾನಿನಲ್ಲಿ ಲೋಹದ ತಂತಿಯಷ್ಟು ಝೇಂಕಾರ ಬರುವುದಿಲ್ಲ, ಬಂದಷ್ಟು ಬರಲಿ.

ಎರಡನೇ ತಂತಿ ಯಾವಾಗ? ಮಗಳು ತಾನಾಗಿ ಕೇಳಿದಾಗ. ಪಟ್ಟಿ 4 ಸೆಂ.ಮೀ. ಅಗಲ ಇರಲಿ ಅಂದಿದ್ದು ಅದಕ್ಕೇ, ಪಕ್ಕದಲ್ಲಿ ಜಾಗ ಇರುತ್ತದೆ. ಅದೇ ದಾರವನ್ನು ಮೊದಲ ತಂತಿಯ ಸಾ ಗೇ ಶ್ರುತಿ ಮಾಡಿ, ಅದನ್ನು ಸೀಸೆಯಿಂದ ಮುಟ್ಟದೆ ಸುಮ್ನೆ ಮೀಟುತ್ತಿರಲಿ. ಮೊದಲ ತಂತಿಯಲ್ಲಿ ಹಾಡು, ಎರಡನೆಯದರಲ್ಲಿ ಸಾ. ತನ್ನ ಪ ಸ್ವಲ್ಪ ಇಳಿದಿದೆಯೋ ಏರಿದೆಯೋ ಅನ್ನುವುದು ಆಗ ಅವಳ ಕಿವಿಗೇ ಗೊತ್ತಾಗಲು ಶುರುವಾಗುತ್ತದೆ, ಟ್ಯೂನರ್ ಆ್ಯಪ್ ಬೇಕಾಗುವುದಿಲ್ಲ.